ಎಡಗಡೆ ಪೆಡಲ್ ಜಪ್ಪಯ್ಯ ಅಂದ್ರೂ ಬಿಚ್ಚುತ್ತಿಲ್ಲ, ಏನು ಮಾಡಲಿ?

ಮೈಸೂರು ಪೆಡಲಿಗ:
ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಿದ್ದ ಗೇರ್ ಸೈಕಲ್ ಹೊರಗೆ ತೆಗೆದಿದ್ದೇನೆ. ಬರುವ ಭಾನುವಾರ ಚಾಮುಂಡಿ ಬೆಟ್ಟ ಹತ್ತುತ್ತೇನೆ ಅಂತ ಗೆಳೆಯರ ಮುಂದೆ ಜಂಬ ಕೊಚ್ಚಿಕೊಂಡಾಗಿದೆ. ಹಳೇ ಪ್ಲಾಸ್ಟಿಕ್ ಪೆಡಲ್ ಒಡೆದಿದೆ, ಹೊಸ ಜೋಡಿ ತಂದಿಟ್ಟಿದ್ದೇನೆ. ಬಲಗಡೆಯದು ಐದೇ ನಿಮಿಷದಲ್ಲಿ ಬಂತು. ಎಡಗಡೆಯದು ಎರಡು ದಿನದಿಂದ ಮಿಸುಕಾಡುತ್ತಿಲ್ಲ. 15ರ ಸ್ಪ್ಯಾನರ್ ಹಾಕಿ, ಅದಕ್ಕೆ ಎರಡು ಅಡಿ ಜಿಐ ಪೈಪ್ ತೂರಿಸಿ, ನಾನೂ ನನ್ನ ಭಾವಮೈದನೂ ಸರದಿ ಮೇಲೆ ನೇತಾಡಿದ್ದೇವೆ. ಡಬ್ಲ್ಯುಡಿ-40 ಸ್ಪ್ರೇ ಅರ್ಧ ಡಬ್ಬಿ ಖಾಲಿ. ಅಂಗೈಯಲ್ಲಿ ಬೊಬ್ಬೆ.

ಇದರ ಜೊತೆಗೆ ಇನ್ನೊಂದು. ಸೀಟ್ ಕ್ಲ್ಯಾಂಪಿನ ಅಲೆನ್ ಬೋಲ್ಟ್ ಇದೆಯಲ್ಲ, ಅದರ ಆರು ಮೂಲೆಯೂ ಸವೆದು ಗುಂಡಗಾಗಿದೆ. ಕೀ ಹಾಕಿದರೆ ಸುಮ್ನೆ ಗಿರಗಿರ ಸುತ್ತುತ್ತೆ. ದಯವಿಟ್ಟು "ಅಂಗಡಿಗೆ ಹೋಗಿ" ಅನ್ನಬೇಡಿ. ಹೋದ ಸಲ ಅಂಗಡಿಗೆ ಬಿಟ್ಟು ಬಂದಾಗಲೇ ಅದು ಈ ಗತಿಗೆ ಬಂದಿದ್ದು.

ಪಂಕ್ಚರ್ ಪುಟ್ಟ:
ಪೆಡಲ್ ಯಾವ ಕಡೆಗೆ ತಿರುಗಿಸುತ್ತಿದ್ದೀರಿ?

ಮೈಸೂರು ಪೆಡಲಿಗ:
ಯಾವ ಕಡೆ ಅಂದ್ರೆ? ಬಿಚ್ಚೋ ಕಡೆಗೆ. ಗಡಿಯಾರದ ಮುಳ್ಳಿಗೆ ಉಲ್ಟಾ.

ಪಂಕ್ಚರ್ ಪುಟ್ಟ:
ಅಯ್ಯೋ ಶಿವನೇ.

ಟಾರ್ಕ್ ತಿಮ್ಮ:
ಎಡಗಡೆ ಪೆಡಲ್‌ಗೆ ಉಲ್ಟಾ ಥ್ರೆಡ್ ಇರುತ್ತೆ ಸ್ವಾಮಿ. ಗಡಿಯಾರದ ಮುಳ್ಳಿನ ಕಡೆಗೆ ತಿರುಗಿಸಿದರೆ ಅದು ಬಿಚ್ಚುತ್ತೆ. ನೀವಿಬ್ಬರೂ ಎರಡು ದಿನದಿಂದ ಅದನ್ನು ಬಿಗಿ ಮಾಡುತ್ತಿದ್ದೀರಿ. ಲೆಕ್ಕ ಹಾಕಿ: ಎರಡು ಅಡಿ ಪೈಪಿನ ತುದಿಯಲ್ಲಿ 60 ಕಿಲೋ ಮನುಷ್ಯನ ಪೂರ್ತಿ ಭಾರ ಬಿದ್ದಿದ್ದರೆ ತಿರುಚುವ ಬಲ 350 ನ್ಯೂಟನ್ ಮೀಟರ್ ದಾಟುತ್ತೆ. ಪೆಡಲ್‌ಗೆ ಬೇಕಾಗಿರೋದು 35ರಿಂದ 40. ಭಾವಮೈದ ಎಷ್ಟು ಕಿಲೋ?

ಮೈಸೂರು ಪೆಡಲಿಗ:
84. 😶

ನಿಶಾಚರಿ:
ಆಫೀಸಲ್ಲಿ ಕೂತು ಓದಿ ಗಟ್ಟಿಯಾಗಿ ನಕ್ಕುಬಿಟ್ಟೆ. ಮ್ಯಾನೇಜರ್ ತಿರುಗಿ ನೋಡಿದರು.

ಪಂಕ್ಚರ್ ಪುಟ್ಟ:
ನಗಬೇಡಿ, ಎಲ್ಲರೂ ಒಂದು ಸಲ ಇದನ್ನು ಮಾಡಿರುತ್ತಾರೆ. ಎಡ, ಬಲ, ಗಡಿಯಾರ ಯಾವುದೂ ನೆನಪಿಡಬೇಡಿ. ಸ್ಪ್ಯಾನರಿನ ಹಿಡಿ ಆಕಾಶದ ಕಡೆಗೆ ಬರುವ ಹಾಗೆ ಹಾಕಿ. ಅದನ್ನು ಹಿಂದಿನ ಚಕ್ರದ ಕಡೆಗೆ ಎಳೆದರೆ ಬಿಚ್ಚುತ್ತೆ, ಮುಂದಿನ ಚಕ್ರದ ಕಡೆಗೆ ತಳ್ಳಿದರೆ ಬಿಗಿ. ಎರಡೂ ಪೆಡಲ್‌ಗೂ ಇದೇ.

ಗ್ಯಾರೇಜ್ ಗುಂಡ:
ಕೆಲವು ಪೆಡಲ್‌ಗೆ ಸ್ಪ್ಯಾನರ್ ಹಿಡಿಯೋ ಜಾಗವೇ ಇರಲ್ಲ, ಕ್ರ್ಯಾಂಕಿನ, ಅಂದ್ರೆ ಪೆಡಲ್ ಸೇರುವ ತೋಳಿನ, ಒಳಗಡೆಯಿಂದ 6 ಅಥವಾ 8 ಎಂಎಂ ಅಲೆನ್ ಕೀ ಹಾಕಬೇಕು. ಆಗ ಈ ರೂಲ್ ಉಲ್ಟಾ ಆಗುತ್ತೆ, ಎಚ್ಚರಿಕೆ.

ಟಾರ್ಕ್ ತಿಮ್ಮ:
ಆಗಲ್ಲ. ಒಳಗಡೆಯಿಂದ ನೋಡುವಾಗ ಗಡಿಯಾರದ ದಿಕ್ಕು ಉಲ್ಟಾ ಕಾಣುತ್ತೆ, ನಿಜ. ಆದರೆ ಪುಟ್ಟ ಹೇಳಿದ್ದು ಗಡಿಯಾರದ ಲೆಕ್ಕ ಅಲ್ಲ. ಕೀ ಮೇಲ್ಮುಖವಾಗಿದ್ದರೆ ಹಿಂದಿನ ಚಕ್ರದ ಕಡೆಗೆ ಎಳೆಯೋದು ಒಳಗಿನಿಂದಲೂ ಅದೇ, ಹೊರಗಿನಿಂದಲೂ ಅದೇ. ತಿರುಗೋದು ಒಂದೇ ಅಚ್ಚು ಅಲ್ವಾ?

ಗ್ಯಾರೇಜ್ ಗುಂಡ:
ಈಗ ಸೈಕಲ್ ಹತ್ತಿರ ಹೋಗಿ ಕೈಯಾಡಿಸಿ ನೋಡಿದೆ. ಸರಿ, ಒಪ್ಪಿದೆ.

ನಿಶಾಚರಿ:
ಅದ್ಯಾಕೆ ಎಡಗಡೆ ಮಾತ್ರ ಉಲ್ಟಾ? ಬೇರಿಂಗ್ ಕಚ್ಚಿಕೊಂಡರೆ ಪೆಡಲ್ ತಾನಾಗಿ ಬಿಚ್ಚಿಕೊಂಡು ಕಾಲು ಉಳಿಯಲಿ ಅಂತ ಹೀಗೆ ಮಾಡಿದ್ದಾರೆ ಅಂತ ಯಾರೋ ಹೇಳಿದ್ದರು.

ಕರಿಹಲಗೆ:
ಆ ಕತೆ ನಾನೂ ಕೇಳಿದ್ದೇನೆ. ಬೇರಿಂಗ್ ಕಚ್ಚಿಕೊಂಡರೆ ಪೆಡಲ್ ಬಿಚ್ಚುವ ಕಡೆಗೆ ತಿರುಗುತ್ತೆ ಅನ್ನೋದೇನೋ ನಿಜ. ಆದರೆ ಉಲ್ಟಾ ಥ್ರೆಡ್ ಕೊಟ್ಟಿದ್ದು ಅದಕ್ಕಲ್ಲ. ಒಂದು ಪೆನ್ಸಿಲ್ ತಗೊಳ್ಳಿ. ಎಡ ಮುಷ್ಟಿಯಲ್ಲಿ ಸಡಿಲವಾಗಿ ಹಿಡಿದು, ಹೊರಗಿರುವ ತುದಿಯನ್ನು ಇನ್ನೊಂದು ಕೈಯ ಬೆರಳಿಂದ ದುಂಡಗೆ ಸುತ್ತಿಸಿ. ತುದಿ ಒಂದು ಕಡೆಗೆ ಸುತ್ತುತ್ತಿದ್ದರೆ ಪೆನ್ಸಿಲ್ ಮುಷ್ಟಿಯೊಳಗೆ ಉಜ್ಜಿಕೊಂಡು ನಿಧಾನಕ್ಕೆ ಅದರ ಉಲ್ಟಾ ಕಡೆಗೆ ಹೊರಳುತ್ತೆ. ಪೆಡಲಿನ ಅಚ್ಚಿಗೂ ಇದೇ ಆಗೋದು. ಥ್ರೆಡ್ಡಿನಲ್ಲಿ ಕೂದಲೆಳೆಯಷ್ಟು ಸಡಿಲ ಇದ್ದೇ ಇರುತ್ತೆ. ತುಳಿಯುವ ಭಾರ ಸುತ್ತ ತಿರುಗುತ್ತಾ ಅಚ್ಚನ್ನು ಸ್ವಲ್ಪ ಸ್ವಲ್ಪವೇ ಹೊರಳಿಸುತ್ತೆ. ಎಡಗಡೆಗೂ ಮಾಮೂಲಿ ಥ್ರೆಡ್ ಹಾಕಿದ್ದರೆ ತುಳಿಯುತ್ತಾ ತುಳಿಯುತ್ತಾ ಪೆಡಲ್ ಸಡಿಲಾಗಿ ಕೈಗೆ ಬರುತ್ತಿತ್ತು. ಬೇರಿಂಗಿನ ಎಳೆತಕ್ಕಿಂತ ಈ ಹೊರಳಿಕೆಯ ಬಲ ಜಾಸ್ತಿ.

ನಿಶಾಚರಿ:
ಪೆನ್ಸಿಲ್ ನಿಜವಾಗಲೂ ಹೊರಳ್ತು! ಮ್ಯಾನೇಜರ್ ಮತ್ತೆ ನೋಡಿದರು.

ಹುಬ್ಬಳ್ಳಿ ಹುಡುಗ:
ಪೆಡಲ್ ಒಂದೇ ಅಲ್ಲ. ಬಿಬಿ, ಅಂದ್ರೆ ಎರಡೂ ಕ್ರ್ಯಾಂಕ್ ನಡುವಿನ ಬೇರಿಂಗ್ ಕಪ್ಪು, ಬಿಚ್ಚುವಾಗಲೂ ಜ್ವಾಕಿ. ಮಾಮೂಲಿ ಇಂಗ್ಲಿಷ್ ಥ್ರೆಡ್ ಇದ್ದರೆ ಅಲ್ಲಿ ಬಲಗಡೆ ಕಪ್ ಉಲ್ಟಾ, ಎಡಗಡೆಯದು ಸೀದಾ. ಅಂದ್ರೆ ಪೆಡಲಿಗೆ ಪೂರ್ತಿ ತಿರುವುಮುರುವು. ಇಟಲಿಯ ಹಳೇ ಫ್ರೇಮುಗಳಲ್ಲಿ ಎರಡೂ ಕಡೆ ಸೀದಾ. ನಾನು ಇದನ್ನ ತಿಳಿಕೊಳ್ಳೋ ಹೊತ್ತಿಗೆ ಒಂದು ಪಾನಾ ಮುರಿದಿತ್ತು.

ಮೈಸೂರು ಪೆಡಲಿಗ:
ಎಲ್ಲರಿಗೂ ಥ್ಯಾಂಕ್ಸ್. ಅವಮಾನ ನುಂಗಿಕೊಂಡು ಹಿಂದಿನ ಚಕ್ರದ ಕಡೆಗೆ ಎಳೆದೆ. ಈಗಲೂ ಬರುತ್ತಿಲ್ಲ! ನಾವೇ ಬಿಗಿ ಮಾಡಿದ್ದು ನಮಗೇ ಬಿಚ್ಚೋಕಾಗ್ತಿಲ್ಲ. ಸ್ಪ್ಯಾನರ್ ಜಾರಿ ಅಚ್ಚಿನ ಚಪ್ಪಟೆ ಭಾಗವೂ ಸ್ವಲ್ಪ ಸವೆದಿದೆ. ಭಾವಮೈದ ಗ್ಯಾಸ್ ಟಾರ್ಚ್ ತರ್ತೀನಿ ಅಂತಿದ್ದಾನೆ.

ಟಾರ್ಕ್ ತಿಮ್ಮ:
ಭಾವಮೈದನನ್ನು ಮೊದಲು ಊರಿಗೆ ಕಳಿಸಿ. ಡಬ್ಲ್ಯುಡಿ-40 ಸುರಿದ ಜಾಗಕ್ಕೆ ಬೆಂಕಿ ಹಿಡಿದರೆ ಸೈಕಲ್ಲಿನ ಜೊತೆ ಮೀಸೆಯೂ ಹೋಗುತ್ತೆ.

ನಿಮ್ಮ ಕ್ರ್ಯಾಂಕ್ ಅಲ್ಯೂಮಿನಿಯಂ, ಪೆಡಲಿನ ಅಚ್ಚು ಉಕ್ಕು ಅಂದುಕೊಳ್ಳುತ್ತೇನೆ. ಹಾಗಿದ್ದರೆ ಕಾಯಿಸುವ ಯೋಚನೆ ಸರಿ, ಬೆಂಕಿ ಮಾತ್ರ ಬೇಡ. ಅಷ್ಟೇ ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡರಷ್ಟು ಹಿಗ್ಗುತ್ತೆ. ಕುದಿಯುವ ನೀರು ಸಾಕು. ಎಣ್ಣೆ ಒರೆಸಿಬಿಡಿ. ಕೆಳಗೆ ಬಕೆಟ್ ಇಟ್ಟು, ಪೆಡಲ್ ಸೇರುವ ಕಡೆ ಕ್ರ್ಯಾಂಕಿನ ತುದಿಗೆ ಎರಡು ಮೂರು ಲೀಟರ್ ನಿಧಾನಕ್ಕೆ ಸುರಿಯಿರಿ. ಸುರಿದ ತಕ್ಷಣ ಎಳೆಯಬೇಕು. ಕಾಫಿ ಕುಡಿದು ಬಂದರೆ ಅಚ್ಚೂ ಬಿಸಿಯಾಗಿ ಲೆಕ್ಕ ಸಮ ಆಗಿರುತ್ತೆ.

ಪಂಕ್ಚರ್ ಪುಟ್ಟ:
ಇದರ ಜೊತೆಗೆ ಎರಡು ಮಾತು. ಸೈಕಲನ್ನು ಮಲಗಿಸಬೇಡಿ, ತಲೆಕೆಳಗೂ ಮಾಡಬೇಡಿ. ನೆಲದ ಮೇಲೆ ನೆಟ್ಟಗೆ ನಿಲ್ಲಿಸಿ ಒಬ್ಬರು ಹಿಡ್ಕೊಳ್ಳಿ. ಎಡ ಕ್ರ್ಯಾಂಕ್ ಮುಂದಿನ ಚಕ್ರದ ಕಡೆಗೆ ನೆಲಕ್ಕೆ ಸಮವಾಗಿರಲಿ. ಸ್ಪ್ಯಾನರಿನ ಹಿಡಿ ಕ್ರ್ಯಾಂಕಿನ ಮೇಲೇ ಹಿಂದಕ್ಕೆ ಒರಗಿದ ಹಾಗೆ ಬರಬೇಕು, ನಡುವೆ ಸಣ್ಣ ಕೋನ ಬಿಟ್ಟು. ಆಮೇಲೆ ಹಿಡಿಯನ್ನು ಕೆಳಕ್ಕೆ ಒತ್ತಿ. ಕತ್ತರಿ ಮುಚ್ಚಿದ ಹಾಗೆ. ಕ್ರ್ಯಾಂಕ್ ಸುತ್ತೋಕೆ ಹೋದರೆ ಇನ್ನೊಬ್ಬರು ಬಲಗಡೆ ಕ್ರ್ಯಾಂಕ್ ಹಿಡ್ಕೊಳ್ಳಲಿ. ಒಂದೇ ಸಮ ಒತ್ತೋದಕ್ಕಿಂತ ಸ್ಪ್ಯಾನರಿನ ತುದಿಗೆ ರಬ್ಬರ್ ಸುತ್ತಿಗೆಯಿಂದ ಒಂದು ಏಟು ಹಾಕಿದರೆ ಬೇಗ ಬಿಡುತ್ತೆ.

ಮುಂದೊಂದು ದಿನ ಬಲಗಡೆಯದು ಬಿಚ್ಚುವಾಗ ಚೈನನ್ನು ಪೆಡಲ್ ಪಕ್ಕದ ದೊಡ್ಡ ಹಲ್ಲುಚಕ್ರಕ್ಕೆ ಹಾಕಿ. ಜಾರಿದರೆ ಹಲ್ಲು ಗೆಣ್ಣಿಗೆ ನಾಟುತ್ತೆ. ನನ್ನ ಬಲಗೈಯಲ್ಲಿ ಮೂರು ಗುರುತು ಇವೆ.

ಅಜ್ಜನ ಹರ್ಕ್ಯುಲಿಸ್:
ಈಗಿನವರಿಗೆ ಪೆಡಲ್ ದೊಡ್ಡ ಕಷ್ಟ! ಕ್ರ್ಯಾಂಕನ್ನು ನಡುವಿನ ಅಚ್ಚಿಗೆ ಬಿಗಿಯುವ ನಮ್ಮ ಕಾಲದ ಕಾಟರ್ ಪಿನ್ ನೋಡಿದ್ದೀರಾ? ಇಪ್ಪತ್ತು ವರ್ಷ ತುಕ್ಕು ತಿಂದ ಪಿನ್ ತೆಗೆಯೋದು ಅಂದ್ರೆ ಒಂದು ಸಂಸಾರ. ನಟ್ ಪೂರ್ತಿ ತೆಗೆದು ಹೊಡೆದರೆ ಪಿನ್ನಿನ ತುದಿ ಅಣಬೆ ಥರ ಅರಳಿಕೊಳ್ಳುತ್ತೆ, ಆಮೇಲೆ ಡ್ರಿಲ್ಲೇ ಗತಿ. ನಟ್ಟನ್ನು ಪಿನ್ನಿನ ತುದಿಗೆ ಸಮ ಬರುವಷ್ಟು ಮಾತ್ರ ಸಡಿಲಿಸಿ. ಕ್ರ್ಯಾಂಕಿನ ಕೆಳಗೆ ಗಟ್ಟಿ ಕಬ್ಬಿಣದ ಪೈಪ್ ನೆಲಕ್ಕೆ ಊರಿಸಿ ಆನಿಸಿ, ಪಿನ್ನಿನ ಇನ್ನೊಂದು ತುದಿ ಪೈಪಿನೊಳಗೆ ಇಳಿಯಲಿ. ಇಲ್ಲದಿದ್ದರೆ ಏಟೆಲ್ಲ ಬೇರಿಂಗಿಗೆ. ಆಮೇಲೆ ದೊಡ್ಡ ಸುತ್ತಿಗೆಯಿಂದ ಒಂದೇ ಏಟು. ಟಕಟಕ ಅಂತ ಇಪ್ಪತ್ತು ಸಣ್ಣ ಏಟು ಹಾಕಿದರೆ ಪಿನ್ ಹಾಳು, ಕೆಲಸ ಆಗಲ್ಲ.

ಹೊಸ ಪಿನ್ ಹಾಕುವಾಗ ಒಂದು ಈ ಕಡೆಯಿಂದ, ಇನ್ನೊಂದು ಆ ಕಡೆಯಿಂದ. ಎರಡೂ ಒಂದೇ ಕಡೆಯಿಂದ ಹಾಕಿದರೆ ಪೆಡಲುಗಳು ಒಂದೇ ಗೆರೆಗೆ ಬರಲ್ಲ, ತುಳಿಯುವಾಗ ಕುಂಟಿದ ಹಾಗಾಗುತ್ತೆ.

ಗ್ಯಾರೇಜ್ ಗುಂಡ:
ಅಜ್ಜಾವ್ರೇ, ತುಕ್ಕಿಗೆ ಏನು ಹಾಕುತ್ತಿದ್ರಿ ಆಗ?

ಅಜ್ಜನ ಹರ್ಕ್ಯುಲಿಸ್:
ಸೀಮೆಎಣ್ಣೆ. ರಾತ್ರಿ ಬಟ್ಟೆ ಅದ್ದಿ ಸುತ್ತಿಡುವುದು, ಬೆಳಿಗ್ಗೆ ತೆಗೆಯುವುದು. ಅದಕ್ಕೆ ಡಬ್ಬಿ, ನಳಿಕೆ ಏನೂ ಬೇಕಿರಲಿಲ್ಲ.

ಗ್ಯಾರೇಜ್ ಗುಂಡ:
ಈಗ ಸೀಮೆಎಣ್ಣೆ ಹುಡುಕೋದೇ ಬೋಲ್ಟ್ ಬಿಚ್ಚೋದಕ್ಕಿಂತ ಕಷ್ಟ. ಪಂಪ್‌ಸೆಟ್ ಇರುವವರ ಮನೆಯಿಂದ ಡೀಸೆಲ್ ತನ್ನಿ, ಅದೂ ಪರವಾಗಿಲ್ಲ. ಮನೆಯವರು ಕೊಬ್ಬರಿ ಎಣ್ಣೆ ಹಾಕಿ ಅಂತಾರೆ. ಅದು ದಪ್ಪ, ಒಳಗೆ ಇಳಿಯಲ್ಲ, ಡಿಸೆಂಬರಿನಲ್ಲಿ ಗಡ್ಡೆ ಕಟ್ಟುತ್ತೆ.

ಕರಿಹಲಗೆ:
ಡಬ್ಲ್ಯುಡಿ-40 ಬಗ್ಗೆ ಒಂದು ಮಾತು. ಜನ ಅದನ್ನು ತುಕ್ಕು ಬಿಚ್ಚುವ ಔಷಧಿ ಅಂದುಕೊಂಡಿದ್ದಾರೆ. ಹುಟ್ಟಿದ್ದು ಅದಕ್ಕಲ್ಲ. ಡಬ್ಲ್ಯುಡಿ ಅಂದ್ರೆ ನೀರನ್ನು ಸರಿಸುವುದು, 40 ಅಂದ್ರೆ ನಲವತ್ತನೇ ಪ್ರಯತ್ನ. 1953ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ ಮಾಡಿದ್ದು. ಮೊದಲ ಕೆಲಸ ಅಟ್ಲಾಸ್‌ನ ಹೊರಮೈಗೆ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳೋದು.

ಅಜ್ಜನ ಹರ್ಕ್ಯುಲಿಸ್:
ಅಟ್ಲಾಸ್ ಸೈಕಲ್‌ಗಾ?!

ಕರಿಹಲಗೆ:
ಅಲ್ಲ ಅಜ್ಜಾವ್ರೇ, ಅಟ್ಲಾಸ್ ಕ್ಷಿಪಣಿಗೆ. 😄 ನಮ್ಮ ಅಟ್ಲಾಸ್ ಸೋನಿಪತ್‌ನದು.

ಅಜ್ಜನ ಹರ್ಕ್ಯುಲಿಸ್:
ಅದೂ ಹೋಯ್ತಲ್ಲಪ್ಪ. ಸಾಹಿಬಾಬಾದಿನ ಕಾರ್ಖಾನೆ ನಿಲ್ಲಿಸಿದ್ದು 2020ರ ಜೂನ್ 3. ವಿಶ್ವ ಸೈಕಲ್ ದಿನವೇ ನೋಡಿ. ಪೇಪರಿನಲ್ಲಿ ಓದಿ ಅವತ್ತು ಊಟ ಸೇರಲಿಲ್ಲ.

ಟಾರ್ಕ್ ತಿಮ್ಮ:
ದಾರಿ ತಪ್ಪುತ್ತಿದ್ದೇವೆ. ಎಣ್ಣೆ ಯಾವುದಾದರೂ ಇರಲಿ, ಹಾಕಿದ ಐದು ನಿಮಿಷಕ್ಕೆ ಎಳೆಯೋಕೆ ಹೋಗೋದೇ ತಪ್ಪು. ಒಂದು ರಾತ್ರಿ ಬಿಡಿ, ನಡುನಡುವೆ ಮೆಲ್ಲಗೆ ತಟ್ಟಿ. ಆಟೊಮ್ಯಾಟಿಕ್ ಗೇರಿನ ಕಾರಿಗೆ ಹಾಕುವ ಎಣ್ಣೆಗೆ ಅಂದ್ರೆ ಎಟಿಎಫ್‌ಗೆ ಅಸಿಟೋನ್ ಅರ್ಧಕ್ಕರ್ಧ ಬೆರೆಸಿದರೆ ಚೆನ್ನಾಗಿ ಇಳಿಯುತ್ತೆ. ಬಣ್ಣಕ್ಕೂ ಪ್ಲಾಸ್ಟಿಕ್ಕಿಗೂ ತಾಗಿಸಬೇಡಿ, ಒಲೆ ಹತ್ತಿರ ಬೆರೆಸಬೇಡಿ.

ನಿಶಾಚರಿ:
ಅಸಿಟೋನ್ ಅಂದ್ರೆ ನೇಲ್ ಪಾಲಿಶ್ ರಿಮೂವರ್ ಅಲ್ವಾ? ಈಗ ಬರೋದರಲ್ಲಿ ಎಷ್ಟೋ ಅಸಿಟೋನ್ ಇಲ್ಲದ್ದು. ಬಾಟಲಿ ಓದಿ ಹಾಕಿ.

ಹುಬ್ಬಳ್ಳಿ ಹುಡುಗ:
ಇನ್ನು ಸೀಟ್ ಕ್ಲ್ಯಾಂಪಿನ ಬೋಲ್ಟ್. 5 ಎಂಎಂ ಅಲೆನ್ ಇರಬೇಕು. ಮೊದಲು ಸೇಫ್ಟಿ ಪಿನ್ ತಗೊಂಡು ಒಳಗಿನ ಮಣ್ಣು ಕೆರೆದು ತೆಗೆಯಿರಿ. ಅರ್ಧ ಜನರ ಬೋಲ್ಟ್ ಸವೆಯೋದು ಇದಕ್ಕೇ. ತಳದಲ್ಲಿ ಮಣ್ಣು ಕೂತಿರುತ್ತೆ, ಕೀ ಪೂರ್ತಿ ಇಳಿದಿರಲ್ಲ, ಮೇಲಿನ ಅಂಚು ಮಾತ್ರ ಹಿಡಿದಿರುತ್ತೆ. ಇನ್ನೊಂದು, ಗುಂಡು ತಲೆಯ ಅಲೆನ್ ಕೀ ಬಿಗಿ ಬೋಲ್ಟಿಗೆ ಬೇಡ. ಚಪ್ಪಟೆ ತುದಿಯೇ ಹಾಕಿ.

ಮೂಲೆ ಪೂರ್ತಿ ಹೋಗಿದ್ದರೆ ಟಿ30 ಟಾರ್ಕ್ಸ್ ಬಿಟ್ ತನ್ನಿ. ನಕ್ಷತ್ರದ ಥರ ಇರುತ್ತಲ್ಲ, ಅದು. 5 ಎಂಎಂ ಗುಂಡಿಗಿಂತ ಚೂರೇ ದೊಡ್ಡದು. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಅದರ ಹಲ್ಲು ಹೊಸ ಜಾಗ ಕೊರೆದುಕೊಳ್ಳುತ್ತೆ. 4 ಎಂಎಂ ಬೋಲ್ಟಿಗಾದರೆ ಟಿ25.

ಪಂಕ್ಚರ್ ಪುಟ್ಟ:
ಅಥವಾ ತಲೆಯ ಮೇಲೆ ಹ್ಯಾಕ್ಸಾದಿಂದ ಒಂದು ಗೆರೆ ಕೊಯ್ದು ದೊಡ್ಡ ಚಪ್ಪಟೆ ಸ್ಕ್ರೂಡ್ರೈವರ್ ಹಾಕಿ. ಅದೂ ಆಗದಿದ್ದರೆ ತಲೆಯನ್ನೇ ಡ್ರಿಲ್ ಮಾಡಿ ಹಾರಿಸಿ. ತಲೆ ಹೋದ ಕೂಡಲೇ ಬಿಗಿ ಬಿಟ್ಟುಹೋಗುತ್ತೆ, ಉಳಿದ ತುಂಡು ಎಷ್ಟೋ ಸಲ ಬೆರಳಲ್ಲೇ ತಿರುಗಿ ಬರುತ್ತೆ.

ಮ್ಯೂನಿಕ್ ಮಲ್ನಾಡಿಗ:
ಒಂದು ದಡ್ಡ ಪ್ರಶ್ನೆ. ಆ ಬೋಲ್ಟ್ ಉಳಿಸಿಕೊಂಡು ಏನು ಮಾಡ್ತೀರಿ? ಕ್ಲ್ಯಾಂಪ್ ಬೇರೆಯೇ ಬರುವ ಬಳೆ ಆಗಿದ್ದರೆ ಅದನ್ನೇ ಕತ್ತರಿಸಿ ಎಸೆಯಿರಿ. ಹೊಸದು ಎಲ್ಲ ಕಡೆ ಸಿಗುತ್ತೆ. ಫ್ರೇಮಿನಲ್ಲಿ ಸೀಟ್ ಇಳಿಯುವ ಪೈಪಿನ ಹೊರ ಅಳತೆ ಮಾತ್ರ ನೋಡಿಕೊಳ್ಳಿ: 28.6, 31.8, 34.9 ಎಂಎಂ, ಸಾಮಾನ್ಯವಾಗಿ ಇವುಗಳಲ್ಲಿ ಒಂದು ಇರುತ್ತೆ.

ಇಲ್ಲಿ ಚಳಿಗಾಲ ಪೂರ್ತಿ ಮಂಜು ಕರಗಿಸೋಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಮಾರ್ಚಿಗೆ ಸೈಕಲಿನ ಒಂದು ಬೋಲ್ಟೂ ಮಾತು ಕೇಳಲ್ಲ. ನಾನು ಬೋಲ್ಟುಗಳ ಮೇಲೆ ಪ್ರೀತಿ ಇಟ್ಟುಕೊಳ್ಳೋದು ಬಿಟ್ಟಿದ್ದೇನೆ.

ಉಡುಪಿ ಮಳೆ:
ಉಪ್ಪಿಗೆ ಮ್ಯೂನಿಕ್‌ಗೆ ಹೋಗಬೇಕಾ? ನಮ್ಮಲ್ಲಿ ಗಾಳಿಯಲ್ಲೇ ಇದೆ. ಪೆಡಲಿಗರೇ, ಕ್ಲ್ಯಾಂಪ್ ತೆಗೆದ ಮೇಲೆ ಸೀಟ್ ಪೋಸ್ಟ್, ಅಂದ್ರೆ ಸೀಟ್ ಹೊತ್ತ ಪೈಪ್, ಅಲ್ಲಾಡುತ್ತಾ ನೋಡಿ. ಅಲ್ಯೂಮಿನಿಯಂ ಪೋಸ್ಟ್, ಉಕ್ಕಿನ ಫ್ರೇಮ್, ನಡುವೆ ಉಪ್ಪು ನೀರು. ಎರಡು ಲೋಹದ ನಡುವೆ ಬ್ಯಾಟರಿ ಥರ ಆಗುತ್ತೆ. ಅಲ್ಯೂಮಿನಿಯಂ ಕೊಳೆತು ಬಿಳಿ ಪುಡಿ ಆಗಿ, ಆ ಪುಡಿ ಉಬ್ಬಿ ಪೋಸ್ಟನ್ನು ಕಚ್ಚಿಸಿಬಿಡುತ್ತೆ.

ನನ್ನದು ನಾಲ್ಕು ಮಳೆಗಾಲ ಹಾಗೇ ಇತ್ತು. ಪೋಸ್ಟಿನ ತಲೆಯನ್ನು ಬೆಂಚ್ ವೈಸಿಗೆ ಕಚ್ಚಿಸಿ, ಇಡೀ ಫ್ರೇಮನ್ನೇ ಹಿಡಿದು ತಿರುಗಿಸಿದೆ. ತಲೆ ಮುರಿದು ಬಂತು. ಈಗ ಉಳಿದಿದ್ದು ಬಾಯಿ ತೆರೆದ ಪೈಪ್. ಇಲ್ಲಿ ಕಾಯಿಸಿದರೆ ಪೋಸ್ಟೇ ಜಾಸ್ತಿ ಹಿಗ್ಗಿ ಇನ್ನೂ ಬಿಗಿ ಆಗುತ್ತೆ, ಪೆಡಲಿನ ಲೆಕ್ಕ ಇಲ್ಲಿ ಉಲ್ಟಾ. ತಣ್ಣಗೆ ಮಾಡಬೇಕು. ಮಲ್ಪೆಯಿಂದ ಮೀನಿನ ಮಂಜುಗಡ್ಡೆ ತಂದು ಪುಡಿ ಮಾಡಿ ಪೈಪಿನೊಳಗೆ ತುಂಬಿದೆ. ಪ್ಲಯರಿಂದ ಎಳೆದೆ. ಬರಲಿಲ್ಲ. ಮನೆ ಪೂರ್ತಿ ಬಂಗುಡೆ ವಾಸನೆ, ಅಷ್ಟೇ ಲಾಭ.

ಕೊನೆಗೆ ಹ್ಯಾಕ್ಸಾ ಬ್ಲೇಡಿನ ಒಂದು ತುದಿಗೆ ಬಟ್ಟೆ ಸುತ್ತಿ, ಪೈಪಿನೊಳಗೆ ಬಿಟ್ಟು ಉದ್ದಕ್ಕೆ ಕೊಯ್ದೆ. ಎರಡು ಸಂಜೆ. ಅಲ್ಯೂಮಿನಿಯಂ ಕೊಯ್ಯುವಾಗ ಸರಸರ ಅನ್ನುತ್ತೆ, ಬಿಳಿ ಪುಡಿ ಉದುರುತ್ತೆ. ಉಕ್ಕು ತಾಗಿದ ಕೂಡಲೇ ಸದ್ದು ಕೀಚಲಾಗುತ್ತೆ, ಬ್ಲೇಡು ಜಾರಿದ ಹಾಗೆ ಅನಿಸುತ್ತೆ. ಅಲ್ಲಿಗೆ ನಿಲ್ಲಿಸಬೇಕು. ಎರಡು ಗೆರೆ ಕೊಯ್ದು ನಡುವಿನ ಪಟ್ಟಿಯನ್ನು ಉಳಿಯಿಂದ ಎಬ್ಬಿಸಿದೆ. ಆಮೇಲೆ ಉಳಿದ ಪೈಪು ಒಳಕ್ಕೆ ಮಡಚಿಕೊಂಡು ಬಂತು.

ಗ್ಯಾರೇಜ್ ಗುಂಡ:
ಕಾಸ್ಟಿಕ್ ಸೋಡಾ ಸುರಿದರೆ ಅಲ್ಯೂಮಿನಿಯಂ ಕರಗೇ ಹೋಗುತ್ತೆ, ಉಕ್ಕಿಗೆ ಏನೂ ಆಗಲ್ಲ.

ಉಡುಪಿ ಮಳೆ:
ಕರಗುತ್ತೆ, ಜೊತೆಗೆ ಹೈಡ್ರೋಜನ್ ಬರುತ್ತೆ, ಕೊತಕೊತ ಕುದಿಯುತ್ತೆ, ಕಣ್ಣಿಗೆ ಹಾರಿದರೆ ಕಣ್ಣೇ ಹೋಗುತ್ತೆ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಮತ್ತೆ ಫ್ರೇಮ್ ಅಲ್ಯೂಮಿನಿಯಂ ಆಗಿದ್ದರೆ ಅದೂ ಕರಗುತ್ತೆ!

ಗ್ಯಾರೇಜ್ ಗುಂಡ:
ಸುಮ್ನೆ ಹೇಳಿದೆ ಮಾರಾಯ್ರೆ, ನಾನು ಮಾಡಿಲ್ಲ.

ವಿಜಯಪುರ ಗಾಳಿ:
ನಮ್ಮಲ್ಲಿ ರೇಸಿಗೆ ತಯಾರಾಗುವ ಹುಡುಗರು ಪೆಡಲ್ ಪದೇ ಪದೇ ಬದಲಿಸುತ್ತಾರೆ. ಥ್ರೆಡ್ಡಿಗೆ ಗ್ರೀಸ್ ಹಚ್ಚದೆ ಹಾಕಿದರೆ ಬೈಗುಳ ಗ್ಯಾರಂಟಿ. ಬೆರಳ ತುದಿಯಷ್ಟು ಸಾಕು. ಮೊದಲ ಮೂರು ನಾಲ್ಕು ಸುತ್ತು ಬರಿಗೈಯಲ್ಲೇ ತಿರುಗಬೇಕು. ಕೈಯಲ್ಲಿ ತಿರುಗದಿದ್ದರೆ ಪಾನಾ ಮುಟ್ಟಬೇಡಿ, ಎಡದ್ದು ಬಲಕ್ಕೆ ಹಾಕುತ್ತಿರಬಹುದು. ಅಚ್ಚಿನ ಮೇಲೆ ಎಲ್, ಆರ್ ಅಂತ ಕೆತ್ತಿರುತ್ತೆ ನೋಡಿ.

ಮೈಸೂರು ಪೆಡಲಿಗ:
ಬಂತು ಬಂತು ಬಂತು!!

ಗೀಸರ್ ನೀರು ಸಾಲಲಿಲ್ಲ, ಒಲೆ ಮೇಲೆ ದೊಡ್ಡ ಪಾತ್ರೆಯಲ್ಲಿ ಕುದಿಸಿದೆವು. ಅಮ್ಮ ಬಾಗಿಲಲ್ಲಿ ನಿಂತು "ಸೈಕಲ್‌ಗೆ ಬಾಣಂತಿ ಸ್ನಾನ ಮಾಡಿಸ್ತಿದ್ದೀಯಾ" ಅಂತ ಕೇಳಿದರು. ಮೂರು ಚೊಂಬು ಸುರಿದು, ಪುಟ್ಟ ಹೇಳಿದ ಹಾಗೆ ಕತ್ತರಿ ಮುಚ್ಚಿದಂತೆ ಒತ್ತಿದೆ. ಆಗಲಿಲ್ಲ. ಮತ್ತೆ ಮೂರು ಚೊಂಬು, ಭಾವಮೈದ ಸುತ್ತಿಗೆಯಲ್ಲಿ ಒಂದು ಏಟು. ಬಂದೂಕು ಹೊಡೆದ ಹಾಗೆ "ಟಪ್" ಅಂತು. ಕ್ರ್ಯಾಂಕ್ ಮುರೀತು ಅಂತಲೇ ಅಂದುಕೊಂಡೆ. ನೋಡಿದರೆ ಅಚ್ಚು ಕಾಲು ಸುತ್ತು ತಿರುಗಿತ್ತು. ಥ್ರೆಡ್ಡಿನ ಮೇಲೆ ಒಂದು ಹನಿ ಗ್ರೀಸ್ ಇರಲಿಲ್ಲ, ಕಾಫಿ ಪುಡಿ ಥರ ಕಂದು ಪುಡಿ. ಹಲ್ಲುಜ್ಜುವ ಹಳೇ ಬ್ರಷ್‌ನಿಂದ ಉಜ್ಜಿ, ಗ್ರೀಸ್ ಹಚ್ಚಿ, ಎಲ್ ನೋಡಿಯೇ ಹೊಸದು ಹಾಕಿದೆ. ಕೈಯಲ್ಲೇ ಪೂರ್ತಿ ಇಳೀತು.

ಕ್ಲ್ಯಾಂಪ್ ಬೋಲ್ಟಿಗೆ ಟಿ30 ಬಡಿದೆ, ಎರಡನೇ ಪ್ರಯತ್ನಕ್ಕೆ ಬಂತು. ಈಗ ಬೋಲ್ಟಿನಿಂದ ಬಿಟ್ ಬರುತ್ತಿಲ್ಲ, ಅದು ಬೇರೆ ಕತೆ.

ಪಂಕ್ಚರ್ ಪುಟ್ಟ:
ಸೀಟ್ ಪೋಸ್ಟ್?

ಮೈಸೂರು ಪೆಡಲಿಗ:
ಕೇಳಬೇಡಿ.

ಉಡುಪಿ ಮಳೆ:
ಅಂದುಕೊಂಡೆ. ಫ್ರೇಮ್ ಉಕ್ಕಾ? ಅಯಸ್ಕಾಂತ ಹಿಡಿದು ನೋಡಿ.

ಮೈಸೂರು ಪೆಡಲಿಗ:
ಫ್ರಿಜ್ ಮೇಲಿನ ಗಣಪತಿ ತಂದು ಹಿಡಿದೆ. ಫ್ರೇಮಿಗೆ ಅಂಟಿಕೊಳ್ತು, ಪೋಸ್ಟಿನಿಂದ ಬಿದ್ದುಹೋಯ್ತು.

ಉಡುಪಿ ಮಳೆ:
ಗಣಪತಿಯೇ ಕೈಬಿಟ್ಟ ಮೇಲೆ ಹ್ಯಾಕ್ಸಾ ಬ್ಲೇಡು ಎರಡು ಜಾಸ್ತಿ ತಂದಿಟ್ಟುಕೊಳ್ಳಿ.

ಮೈಸೂರು ಪೆಡಲಿಗ:
ಭಾನುವಾರದ ವರದಿ: ಸೀಟ್ ತಗ್ಗಿನಲ್ಲೇ ಇಟ್ಟುಕೊಂಡು ಹೋದೆ. ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಅರ್ಧ ಬೆಟ್ಟ ತುಳಿದೆ, ಅರ್ಧ ತಳ್ಳಿದೆ. ಪೆಡಲ್ ಮಾತ್ರ ಒಂಚೂರೂ ಅಲ್ಲಾಡಲಿಲ್ಲ. ಭಾವಮೈದ ಬೈಕಲ್ಲಿ ಬಂದು ಮೇಲೆ ಕಾಯುತ್ತಿದ್ದ, ಕೈಯಲ್ಲಿ ಚುರುಮುರಿ.